ಕೊಟ್ರವ್ವನ ಚಾಕಲೇಟ್ ದೋಸೆ

ಆನೆಕೊಂಡದ ಕೊಟ್ರವ್ವ ಬೆಣ್ಣೆ ತೆಗೆಯುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೋ ಬಾಯಿ ಮಾಡುವುದರಲ್ಲೂ ಅಷ್ಟೇ ಗಟ್ಟಿಗಿತ್ತಿ. ಅವಳ ಬೆಣ್ಣೆಗಾಗಿ ದಾವಣಗೆರೆ ಪೇಟೆಯ ಹೋಟೆಲಿನವರು ಬೆಳಿಗ್ಗೆ ಬೆಳಿಗ್ಗೆಯೇ ದಾರಿ ಕಾಯುತ್ತಿದ್ದರು. ಅವಳು ಬಂದು ಬಾಯಿ ತೆರೆದರೆ ಅದೇ ಜನ ಒಳಗೆ ಕೆಲಸವಿದೆ ಎಂದು ಜಾರಿಕೊಳ್ಳುತ್ತಿದ್ದರು. ಗಂಡ ಹನುಮಂತಪ್ಪನಂತೂ ಮದುವೆಯಾದ ಹೊಸದರಲ್ಲೇ ಮಾತಾಡುವ ಕೆಲಸವನ್ನೆಲ್ಲ ಹೆಂಡತಿಗೆ ಒಪ್ಪಿಸಿ, ತಾನು ಎಮ್ಮೆಗಳ ಜೊತೆ ನೆಮ್ಮದಿಯಾಗಿದ್ದುಬಿಟ್ಟಿದ್ದ. ಹಾಗಂತ ಕೊಟ್ರವ್ವ ಕೆಟ್ಟವಳಲ್ಲ, ಯಾರಾದರೂ ಹಾಗೆಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆಡಿದ ಮಾತಿಗೆ ಆಮೇಲೆ ಹಟ್ಟಿಯ ಮೂಲೆಯಲ್ಲಿ ಕೂತು ತಾನೇ ಮರುಗುವ ಜೀವ ಅದು. ಮರುಗಿದೆ ಎಂದು ಇನ್ನೊಬ್ಬರೆದುರು ಒಪ್ಪಿಕೊಳ್ಳುವುದು ಮಾತ್ರ ಅವಳ ಜಾಯಮಾನದಲ್ಲೇ ಇರಲಿಲ್ಲ.

ಅವಳ ಒಬ್ಬನೇ ಮಗ ಕೆಂಚವೀರಪ್ಪ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವನಿಗೆ ಕ್ವಾರ್ಟರ್ಸ್ ಸಿಕ್ಕಿತು. ದಿನಾ ರೈಲಿನಲ್ಲಿ ಹೋಗಿ ಬರಲಿ, ಕೂಗಳತೆ ದೂರದ ಊರಿಗೆ ಬೇರೆ ಮನೆ ಯಾಕೆ ಎಂದು ಕೊಟ್ರವ್ವ. ಗಂಡ ಇದ್ದಲ್ಲಿ ನಾನು ಎಂದು ಸೊಸೆ ಅಂಜಿನವ್ವ. ಮಾತಿಗೆ ಮಾತು ಬೆಳೆಯಿತು. ಸಾಮಾನು ಗಾಡಿಗೆ ಹೇರುವ ಹೊತ್ತಿಗೆ ಕೊಟ್ರವ್ವ ಹೊಸ್ತಿಲ ಮೇಲೆ ನಿಂತು, ಓಣಿಯೆಲ್ಲ ಕೇಳುವ ಹಾಗೆ, "ಹೋಗವ್ವ, ಹೋಗು! ತವರುಮನಿ ಕಂಡಿದ್ರೆ ತಾನೆ ಮನಿ ಅಂದ್ರೆ ಏನು ಅಂತ ಗೊತ್ತಾಗಾದು!" ಎಂದುಬಿಟ್ಟಳು.

ಅಂಜಿನವ್ವನ ತಾಯಿ ತೀರಿಕೊಂಡಾಗ ಹುಡುಗಿಗೆ ಇನ್ನೂ ಹಾಲುಹಲ್ಲು. ಅವರಿವರ ಮನೆಯ ಅಂಗಳದಲ್ಲಿ ಬೆಳೆದವಳು. ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವಳು ಸೆರಗು ಹೊದ್ದು ಗಾಡಿ ಹತ್ತಿದಳು. ಅವತ್ತಿನಿಂದ ಅವಳು ಆನೆಕೊಂಡದ ಹೊಸ್ತಿಲು ತುಳಿದಿರಲಿಲ್ಲ, ಕೊಟ್ರವ್ವ ಹರಿಹರದ ಕಡೆ ತಲೆ ಹಾಕಿರಲಿಲ್ಲ. ಇಬ್ಬರ ನಡುವೆ ಭಾನುವಾರಕ್ಕೊಮ್ಮೆ ಬಂದು ಹೋಗುವ ಕೆಂಚವೀರಪ್ಪನೇ ಅಂಚೆಯವನಾದ.

ಹೀಗಿರುವಾಗ ಅಂಜಿನವ್ವ ಬಸುರಿಯಾದಳು. ಕೇಳಿ ಕೊಟ್ರವ್ವನಿಗೆ ಹಿಗ್ಗೋ ಹಿಗ್ಗು. ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ತಿಂಗಳು ಏಳಕ್ಕೆ ಬಿದ್ದಾಗ ಅವಳ ನಿದ್ದೆ ಹಾರಿಹೋಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಈ ಹುಡುಗಿಗೆ ತವರೇ ಇಲ್ಲ. ತಾನೇ ಕರೆದುಕೊಂಡು ಬಂದು ಬಾಣಂತನ ಮಾಡಬೇಕು ಎಂದು ಅವಳಿಗೆ ಜೀವ ಹೊಡೆದುಕೊಳ್ಳುತ್ತಿತ್ತು. ಮೊಮ್ಮಗು ಕಣ್ಣು ಬಿಡುವುದು ತನ್ನ ಮನೆಯಲ್ಲಿ, ಮೊದಲ ಎಣ್ಣೆನೀರು ತನ್ನ ಕೈಯಲ್ಲಿ. ಆದರೆ ಅಂಥ ಮಾತಾಡಿದ ಬಾಯಿಂದ ಬಾ ಎಂದು ಹೇಗೆ ಕರೆಯುವುದು? ಕರೆದು ಆಕೆ ಬರಲ್ಲ ಅಂದರೆ?

"ಆಕಿಗೆ ಊಟನೇ ಸೇರ್ತಿಲ್ಲ ಅವ್ವ," ಎಂದ ಒಂದು ಭಾನುವಾರ ಕೆಂಚವೀರಪ್ಪ. "ಮುದ್ದಿ ಅಂದ್ರೆ ಮುಖ ತಿರುಗಿಸ್ತಾಳೆ, ಅನ್ನ ಅಂದ್ರೆ ಓಡ್ತಾಳೆ. ಡಾಕ್ಟ್ರಮ್ಮ ಬೈದು ಕಳಿಸಿದ್ರು."

"ಬಯಕಿ ಏನೈತೆ ಅಂತ ಕೇಳಿದ್ಯಾ?"

"ಏನೂ ಬ್ಯಾಡ ಅಂತಾಳೆ."

"ಥೂ, ನೀನೊಬ್ಬ ಗಂಡಸು! ಬಸುರಿ ಹೆಂಗಸು ಬಾಯಿ ಬಿಟ್ಟು ಕೇಳ್ತಾಳೇನಲೇ? ಕೂಡ್ರಿಸ್ಕೊಂಡು ಕೇಳ್ಬೇಕು. ಬಯಕಿ ತೀರಿಸ್ದೆ ಬಿಟ್ರೆ ಕೂಸಿನ ಕಿವಿ ಸೋರುತ್ತೆ. ನಿನ್ನ ಅತ್ತೆ ಕೇಳ್ಯಾಳೆ ಅಂತ ಆಕಿಗೆ ಹೇಳು. ಏನು ಹೇಳಿದ್ರೂ ಮಾಡಿ ಕೊಡ್ತಾಳಂತೆ ಅನ್ನು."

ಮುಂದಿನ ಭಾನುವಾರ ಅವನು ಉತ್ತರ ತಂದ. ತಂದವನು ಹೇಳಲಾರದೆ ಕಂಬಕ್ಕೆ ಒರಗಿ ತಲೆ ಕೆರೆದುಕೊಂಡ.

"ಆಕಿಗೆ ಚಾಕಲೇಟ್ ಪ್ಯಾನ್‌ಕೇಕ್ ಬೇಕಂತೆ."

ಕೊಟ್ರವ್ವ ಕಡೆಗೋಲು ಹಿಡಿದಿದ್ದವಳು ಹಾಗೇ ನಿಂತಳು. "ಅಂದ್ರೆ?"

"ದೋಸಿ ಇದ್ದಂಗೆ ಅವ್ವ. ದಪ್ಪಗೆ, ಮೆತ್ತಗೆ, ಸಿಹಿ ಇರ್ತಾವೆ. ಬಣ್ಣ ಕರಿ. ಪಕ್ಕದ ಮನ್ಯಾಗೆ ಬೊಂಬಾಯಿ ಎಂಜಿನಿಯರು ಇದ್ರಲ್ಲ, ಅವರ ಹೆಂಡ್ತಿ ಒಂದು ಸಲ ಮಾಡಿ ಕೊಟ್ಟಿದ್ರು. ಅವರಿಗೆ ಪುಣೆಗೆ ವರ್ಗ ಆತು. ಬಿಸಿ ಬಿಸಿ ತಿನ್ಬೇಕು ಅದನ್ನ, ಆರಿದ್ರೆ ತೊಗಲು."

ಕೊಟ್ರವ್ವನ ಮೂಗಿನ ತುದಿ ಕೆಂಪಾಯಿತು. "ನೋಡಿದ್ರಾ?" ಎಂದಳು ಗಂಡನ ಕಡೆ ತಿರುಗಿ. "ಹೋಳಿಗಿ ಕೇಳ್ಲಿಲ್ಲ, ಕರ್ಜಿಕಾಯಿ ಕೇಳ್ಲಿಲ್ಲ. ನನ್ನ ಅಪ್ಪನ ಕಾಲದಾಗೂ ಯಾರೂ ಕೇಳದಿರಾದು ಕೇಳ್ಯಾಳೆ! ನನ್ನ ಸೋಲಿಸಬೇಕು ಅಂತನೇ ಕೇಳ್ಯಾಳೆ!"

ಹನುಮಂತಪ್ಪ ಎಲೆಯಡಿಕೆ ಮೆಲ್ಲುತ್ತ, "ಸೋತುಬಿಡು, ಅದಕ್ಕೇನಂತೆ," ಎಂದ.

ಅಷ್ಟು ಸಾಕಾಯಿತು. "ಕೆಂಚಾ, ಮುಂದಿನ ಭಾನುವಾರ ನೀನು ಇತ್ತ ಬರಬ್ಯಾಡ," ಎಂದಳು ಕೊಟ್ರವ್ವ. "ನನಗೆ ಪುರುಸೊತ್ತಿಲ್ಲ."

ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಖಾಜಾ ಹುಸೇನನ ಬೇಕರಿ. ಕೊಟ್ರವ್ವನ ಬೆಣ್ಣೆ ಅಲ್ಲಿಗೂ ಹೋಗುತ್ತಿತ್ತು. ಶನಿವಾರ ಬೆಣ್ಣೆ ಇಳಿಸಿ ತಕ್ಕಡಿ ಕಡೆ ನೋಡದೆಯೇ ಕೇಳಿದಳು, "ಸಾಬ್ರೇ, ಚಾಕಲೇಟ್ ದೋಸಿ ಹೆಂಗೆ ಮಾಡ್ತಾರ್ರೀ?"

ಖಾಜಾ ಹುಸೇನ್ ನಗಲಿಲ್ಲ. ಒಳ್ಳೆಯ ಮನುಷ್ಯ. ಮಿಲ್ಲಿನ ದೊಡ್ಡ ಸಾಹೇಬರ ಮನೆಗೆ ಕೇಕು ಮಾಡಿಕೊಡಲು ಮದರಾಸಿನಿಂದ ತರಿಸಿಟ್ಟ ಕೋಕೋ ಪುಡಿಯ ಡಬ್ಬಿ ಅವನಲ್ಲಿತ್ತು. ಅದನ್ನು ತೆರೆದು ಅವಳಿಗೆ ಮೂಸಲು ಕೊಟ್ಟ. "ಮೈದಾ ತಗೊಳ್ರಿ ಕೊಟ್ರಕ್ಕ, ಅದರಾಗೆ ಈ ಪುಡಿ, ಸಕ್ಕರೆ, ಚಿಟಿಕಿ ಉಪ್ಪು, ಬಿಸಿ ಮಾಡಿದ ಬೆಣ್ಣಿ, ಹಾಲು. ಮತ್ತೆ ಎರಡು ಅಂಡಾ..."

"ಶಿವಶಿವಾ! ನಮ್ಮ ಒಲಿಗೆ ಮೊಟ್ಟಿ ಏರಂಗಿಲ್ಲ ಸಾಬ್ರೇ."

"ಮೊಟ್ಟಿ ಇಲ್ದೆ ಉಬ್ಬಾದು ಕಷ್ಟ. ಹೋಗ್ಲಿ, ಸೋಡಾ ಹಾಕ್ರಿ. ಆದ್ರೆ ಒಂದು ಮಾತು ಖಯಾಲ್ ಇಟ್ಕೊಳ್ರಿ. ಕಲಸಿದ ಕೂಡ್ಲೆ ಹುಯ್ಯಬೇಕು. ಇಟ್ರೆ ಕೆಟ್ಟು ಹೋಗ್ತದೆ."

"ಆತು ಆತು," ಎಂದಳು ಕೊಟ್ರವ್ವ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಕಾಗದದಲ್ಲಿ ಕಟ್ಟಿಸಿಕೊಂಡ ಕೋಕೋ ಪುಡಿಯನ್ನು ಸೆರಗಿನ ಗಂಟಿಗೆ ಸೇರಿಸಿ ಮನೆಗೆ ಬಂದಳು.

ಸಂಜೆ ಎಮ್ಮೆ ಕರೆದ ಮೇಲೆ ಕೆಲಸ ಶುರು. ಮೈದಾ ಜರಡಿ ಹಿಡಿದಳು. ಕೋಕೋ ಪುಡಿಯನ್ನು ಹಾಗೇ ಹಾಲಿಗೆ ಸುರಿದರೆ ಅದು ಮೇಲೆ ಮೇಲೆ ತೇಲಿ, ಒಳಗೆ ಗಂಟು ಗಂಟಾಗಿ, ಅವಳ ತಾಳ್ಮೆ ಪರೀಕ್ಷೆ ಮಾಡಿತು. ಆ ಹಾಲನ್ನು ಚೆಲ್ಲಿ, ಇನ್ನಷ್ಟು ಪುಡಿಗೆ ಮೊದಲು ಎರಡು ಚಮಚ ಬಿಸಿ ಹಾಲು ಬಿಟ್ಟು ಅಂಗೈಯಲ್ಲಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದಳು, ಆಮೇಲೆ ಉಳಿದ ಹಾಲು ಬೆರೆಸಿದಳು. ಏನೋ ವಿಶೇಷ ನಡೆದಿದೆ ಎಂದು ಹನುಮಂತಪ್ಪ ಒಳಗೆ ಬಂದ. ಚಾಕಲೇಟು ಅಂದರೆ ಸಿಹಿ ಎಂದು ಕೇಳಿದ್ದ ಪುಣ್ಯಾತ್ಮ, ಒಂದು ಚಿಟಿಕೆ ಒಣ ಪುಡಿ ಬಾಯಿಗೆ ಹಾಕಿಕೊಂಡ.

"ಥೂ ಥೂ! ಬೇವಿನ ಚಕ್ಕಿ ಸುಟ್ಟು ಪುಡಿ ಮಾಡ್ಯಾರೆ!" ಎಂದು ಹಿತ್ತಲಿಗೆ ಓಡಿದ. "ಬಸುರಿಗೆ ಇದನ್ನ ತಿನ್ನಿಸ್ತೀಯಾ? ನಿನಗೂ ಆಕಿಗೂ ಜಗಳ ಇರಾದು ಖರೆ, ಅಷ್ಟೊಂದಾ?"

"ಸಕ್ಕರಿ ಇನ್ನೂ ಬಿದ್ದಿಲ್ಲ. ಬಾಯಿ ಮುಚ್ಕೊಂಡು ಕೂತ್ಕೊಳ್ರಿ," ಎಂದಳು ಕೊಟ್ರವ್ವ. ಆದರೆ ಎದೆಯಲ್ಲಿ ಅಳುಕು ಹೊಕ್ಕಿತು. ಒಂದು ಹಿಡಿ ಸಕ್ಕರೆ ಹೆಚ್ಚಿಗೆ ಹಾಕಿದಳು. ಕರಗಿಸಿದ ಬೆಣ್ಣೆ ಬಿಟ್ಟಳು, ಸಾಬರು ಹೇಳಿದ್ದಕ್ಕಿಂತ ಧಾರಾಳವಾಗಿಯೇ. ಹಿಟ್ಟು ಕಲಸಿ ಸೌಟಿನಿಂದ ಎತ್ತಿ ನೋಡಿದಳು. ಹದವಾಗಿತ್ತು.

ಈಗ ಏನು ಮಾಡಬೇಕು? ಕಲಸಿದ ಕೂಡಲೇ ಹುಯ್ಯಬೇಕು ಎಂದಿದ್ದ ಖಾಜಾ ಹುಸೇನ್. ಬಿಸಿ ಬಿಸಿಯೇ ತಿನ್ನಿಸಬೇಕೆಂದರೆ ಹುಯ್ಯಬೇಕಾದ ಹಂಚು ಹರಿಹರದಲ್ಲಿದೆ, ಹಿಟ್ಟನ್ನು ಅಲ್ಲೇ ಹೋಗಿ ಕಲಸಬಹುದಿತ್ತು. ಆದರೆ ಹೇಳಿ, ನಮ್ಮ ಕಡೆಯ ಯಾವ ಹೆಂಗಸು ದೋಸೆ ಹಿಟ್ಟನ್ನು ರಾತ್ರಿ ಇಡದೆ ಹಂಚಿಗೆ ಬಿಟ್ಟಾಳು? ಬೇಕರಿಯವರಿಗೆ ರೊಟ್ಟಿ ಗೊತ್ತು, ದೋಸೆ ಗೊತ್ತೇ? ಉಬ್ಬುವುದು ಕಷ್ಟ ಅಂತ ಅವನೇ ಅಂದನಲ್ಲ, ಹುಳಿ ಬರದೆ ಎಲ್ಲಿಂದ ಉಬ್ಬುತ್ತದೆ? ಕೊಟ್ರವ್ವನ ಕೈ ತಾನಾಗಿಯೇ ಗಡಿಗೆಗೆ ಹೋಯಿತು. ಬೆಳಗಿನ ದೋಸೆ ಹಿಟ್ಟು ತಳದಲ್ಲಿ ಉಳಿದಿತ್ತು, ಹುಳಿ ಹುಳಿಯಾಗಿ. ಅದರಿಂದ ಒಂದು ಸೌಟು ತೆಗೆದು ಚಾಕಲೇಟು ಹಿಟ್ಟಿಗೆ ಬೆರೆಸಿ, ಕಲಾಯಿ ಹಾಕಿದ ಡಬರಿಗೆ ಸುರಿದು, ಮುಚ್ಚಿ, ಒಲೆಯ ಪಕ್ಕದಲ್ಲೇ ಇಟ್ಟಳು. ಬೇಸಿಗೆ ಬೇರೆ.

ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳ ಮುಟ್ಟಿತ್ತು. "ನೋಡ್ರಿ! ಉಬ್ಬಲ್ಲ ಅಂದ್ರಲ್ಲ ಸಾಬ್ರು!" ಎಂದು ಹಿಗ್ಗಿ, ಕದಡಿ ಇಳಿಸಿ, ಮುಚ್ಚಳದ ಮೇಲೆ ಅರಿವೆ ಬಿಗಿದು ಕಟ್ಟಿ, ಹರಿಹರದ ಪ್ಯಾಸೆಂಜರ್ ಹತ್ತಿದಳು. ಮೂರನೇ ದರ್ಜೆಯ ಡಬ್ಬಿ, ಸಂತೆ ಮುಗಿಸಿ ಹೋಗುವವರಂತೆ ಜನ. ಡಬರಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಕೂತಳು.

ರೈಲಿನ ಕುಲುಕಾಟ, ಜನರ ಬಿಸಿ, ಮೇಲೆ ಕಾದ ಕಬ್ಬಿಣದ ತಗಡು. ಹಿಟ್ಟಿಗೆ ಇನ್ನೇನು ಬೇಕು? ದಾವಣಗೆರೆ ದಾಟಿ ಸ್ವಲ್ಪ ಹೊತ್ತಿಗೇ ಡಬರಿಯೊಳಗೆ ಗುಳುಗುಳು ಅಂದಿತು. ಕೊಟ್ರವ್ವ ಅರಿವೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಒತ್ತಿದಷ್ಟೂ ಅದಕ್ಕೆ ಹುರುಪು ಬಂತು. ಮುಚ್ಚಳ ಒಂದು ಕಡೆ ಎದ್ದಿತು, ಕಂದು ಹಿಟ್ಟು ಅರಿವೆಯ ಸಂದಿನಿಂದ ಇಳಿದು ಅವಳ ಇಳಕಲ್ ಸೀರೆಯ ಮೇಲೆ ಹರಿದು, ಅಲ್ಲಿಂದ ಪಕ್ಕದವನ ಬಿಳಿ ಪಂಚೆಗೆ ದಾಟಿತು.

ಪಕ್ಕದಲ್ಲಿ ಕೂತವನು ಆವರಗೆರೆಯ ಕರಿಬಸವರಾಜ. ಇಸ್ತ್ರಿ ಮಾಡಿದ ಜುಬ್ಬ, ಹೊಸ ಪಂಚೆ, ತಲೆಗೆ ಎಣ್ಣೆ. ಹರಿಹರಕ್ಕೆ ಹೆಣ್ಣು ನೋಡಲು ಹೊರಟಿದ್ದ.

"ಯವ್ವಾ! ಏನವ್ವಾ ಇದು, ಸಗಣಿ ಬಗ್ಗಡ ತುಂಬ್ಕೊಂಡು ಬಂದೀಯಲ್ಲ!" ಎಂದು ಅವನು ಚಂಗನೆ ಎದ್ದ. ಡಬ್ಬಿಯವರೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿದರು. ಅಲ್ಲಿಯವರೆಗೆ ಕಾಲು ಚಾಚಲು ಜಾಗವಿಲ್ಲದ ಬೆಂಚಿನಲ್ಲಿ ಕೊಟ್ರವ್ವನಿಗೆ ಮಲಗುವಷ್ಟು ಜಾಗವಾಯಿತು.

"ಸಗಣಿ ಅಂತೆ ಸಗಣಿ! ಮೂಗು ಐತೋ ಇಲ್ಲೋ ನಿನಗೆ?" ಎಂದು ಕೊಟ್ರವ್ವ ಸಿಡಿದಳು. "ಚಾಕಲೇಟು ಇದು, ಚಾಕಲೇಟು! ನನ್ನ ಸೊಸಿ ಬಸುರಿ, ಆಕಿ ಬಯಕಿಗೆ ತಗೊಂಡು ಹೊಂಟೀನಿ. ನೆಕ್ಕಿ ನೋಡು, ಆಮೇಲೆ ಮಾತಾಡು."

ಕರಿಬಸವರಾಜ ಹಿಂದೆ ಮುಂದೆ ನೋಡಿದ. ಅವಳ ಕಣ್ಣು ಕಂಡು, ನೆಕ್ಕದೆ ಇದ್ದರೆ ಇನ್ನೂ ಕಷ್ಟ ಅನಿಸಿರಬೇಕು, ಪಂಚೆಯ ಮೇಲಿನದನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿದ. "ಸಿಹಿ ಐತೆ," ಎಂದ ಆಶ್ಚರ್ಯದಿಂದ. ಮತ್ತೆ ಇನ್ನೊಂದು ಬೆರಳು. "ಸಿಹಿ ಐತೆ ಕಣ್ರೋ!"

ಅಷ್ಟೇ, ದೂರ ಸರಿದ ಜನವೆಲ್ಲ ಹತ್ತಿರ ಬಂತು. ಒಬ್ಬ ಮುದುಕಿ ಬೆಂಚಿನ ಮೇಲಿದ್ದುದನ್ನೂ ಬಿಡಲಿಲ್ಲ. ಕರಿಬಸವರಾಜ ಮಾತ್ರ ಪಂಚೆ ನೋಡಿಕೊಂಡು, "ಈಗ ಹೆಣ್ಣಿನ ಮನಿಗೆ ಹೆಂಗವ್ವ ಹೋಗ್ಲಿ?" ಎಂದು ಗೋಳಾಡಿದ.

"ಕಲೆ ಒಳಗ ಹೋಗಂಗೆ ತಿರುಗಿಸಿ ಉಡು. ಹುಡುಗಿ ಚಲೋ ಇದ್ರೆ ನಿನ್ನ ಮುಖ ನೋಡ್ತಾಳೆ, ಪಂಚಿ ನೋಡ್ತಾಳೇನು?" ಎಂದಳು ಕೊಟ್ರವ್ವ. ಡಬ್ಬಿಯೆಲ್ಲ ನಕ್ಕಿತು. ಅವಳಿಗೆ ಮಾತ್ರ ನಗು ಬರಲಿಲ್ಲ. ಡಬರಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಇಷ್ಟೂ ಚೆಲ್ಲಿಹೋಗಿದ್ದರೆ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗುತ್ತಿದ್ದೆ ಎಂದು ನೆನೆದು ಕಣ್ಣಲ್ಲಿ ನೀರಾಡಿತು. ಉಳಿದ ದಾರಿಯುದ್ದಕ್ಕೂ ಮುಚ್ಚಳ ತೆಗೆದು, ಉಕ್ಕಿದಾಗೆಲ್ಲ ಬೆರಳಿನಿಂದ ಕದಡುತ್ತ ಬಂದಳು.

ಕ್ವಾರ್ಟರ್ಸಿನ ಬಾಗಿಲು ತೆಗೆದವನು ಕೆಂಚವೀರಪ್ಪ. ಎದೆಯಿಂದ ಪಾದದವರೆಗೆ ಕಂದು ಬಣ್ಣ ಮೆತ್ತಿಕೊಂಡ ತಾಯಿಯನ್ನು ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನ ಹಿಂದೆ, ಒಳಬಾಗಿಲಲ್ಲಿ, ಅಂಜಿನವ್ವ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಕೊಟ್ರವ್ವನ ಕರುಳು ಚುರ್ ಅಂದಿತು. ಹೇಗಿದ್ದೀ ಅನ್ನಬೇಕು ಅಂದುಕೊಂಡಳು, ಬಾಯಿಗೆ ಬಂದದ್ದೇ ಬೇರೆ.

"ಸ್ಟವ್ ಎಲ್ಲೈತಲೇ?" ಎಂದು ಮಗನನ್ನೇ ಗದರಿಸಿ ನೇರ ಅಡುಗೆಮನೆಗೆ ನುಗ್ಗಿದಳು.

ಸೀಮೆಎಣ್ಣೆ ಸ್ಟವ್ವಿಗೆ ಮಗ ಗಾಳಿ ಹೊಡೆದು ಕೊಟ್ಟ. ಹಂಚು ಕಾದಿತು. ಡಬರಿಗೆ ಚಿಟಿಕೆ ಸೋಡಾ ಹಾಕಿ ತಿರುವಿದಳು, ಹಿಟ್ಟು ನೊರೆ ನೊರೆಯಾಗಿ ಎದ್ದಿತು. ಆಮೇಲೆ ಅಭ್ಯಾಸಬಲ ನೋಡಿ. ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು ಎರಡು ಹೋಳು ಮಾಡಿ, ಒಂದನ್ನು ಎಣ್ಣೆಗೆ ಅದ್ದಿ ಹಂಚಿನ ಮೇಲೆ ಗರಗರ ತಿಕ್ಕತೊಡಗಿದಳು, ಎಲ್ಲ ದೋಸೆಗೂ ಮಾಡುವ ಹಾಗೆ.

"ಅತ್ತೆ! ಉಳ್ಳಾಗಡ್ಡಿ!"

ಕೊಟ್ರವ್ವ ತಿರುಗಿ ನೋಡಿದಳು. ಅಂಜಿನವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ವರ್ಷದ ಮೇಲೆ ಇಬ್ಬರ ನಡುವೆ ಬಿದ್ದ ಮೊದಲ ಮಾತು ಅದು.

"ತಿಕ್ಕಿಬಿಟ್ನಲ್ಲವ್ವ," ಎಂದಳು ಕೊಟ್ರವ್ವ, ಹೋಳು ಕೈಯಲ್ಲೇ ಹಿಡಿದು.

"ಮೊದಲನೇದು ಇವರಿಗೆ ಕೊಡ್ರಿ."

ಮೊದಲನೆಯದು ಕೆಂಚವೀರಪ್ಪನ ತಟ್ಟೆಗೆ ಬಿತ್ತು. ಚಾಕಲೇಟೂ ಈರುಳ್ಳಿಯೂ ಕೂಡಿದ ಅದನ್ನು ಅವನು ಎರಡು ಹೆಂಗಸರ ಮುಖ ನೋಡಿಕೊಂಡು, ಚಕಾರ ಎತ್ತದೆ, ನುಂಗಿದ. ಒಳ್ಳೆಯ ಮಗ, ಅದಕ್ಕಿಂತ ಒಳ್ಳೆಯ ಗಂಡ.

ಕೊಟ್ರವ್ವ ಹಂಚು ತೊಳೆದು ಒರೆಸಿ, ಬೆಣ್ಣೆ ಸವರಿ ಎರಡನೆಯದನ್ನು ಬಿಟ್ಟಳು. ಸೌಟು ಸುತ್ತು ಹಾಕಲು ಹೊರಟಿತ್ತು. "ತಿರುಗಿಸಬ್ಯಾಡ್ರಿ, ಸುಮ್ನೆ ಬಿಡ್ರಿ, ಅದೇ ದುಂಡಗಾಗ್ತೈತೆ," ಎಂದಳು ಅಂಜಿನವ್ವ, ಈಗ ಪಕ್ಕಕ್ಕೇ ಬಂದು ನಿಂತು. ಹಿಟ್ಟು ತಾನಾಗಿಯೇ ಅಂಗೈಯಗಲ ಹರಡಿತು. ಮೇಲೆಲ್ಲ ಸಣ್ಣ ಸಣ್ಣ ಕಣ್ಣು ತೆರೆದು, ಅಂಚು ಒಣಗಿತು. ಮಗುಚಿದರೆ ತಳ ಬೆಣ್ಣೆಯಲ್ಲಿ ಹೊಳೆಯಿತು, ದಪ್ಪಗೆ ಎದ್ದು ನಿಂತಿತು. ಮನೆಯೆಲ್ಲ ಘಮಘಮ.

ತಟ್ಟೆ ಹಿಡಿದು ಅಂಜಿನವ್ವ ಮಣೆಯ ಮೇಲೆ ಕೂತಳು. ಒಂದು ತುತ್ತು ಮುರಿದಳು. ಕೊಟ್ರವ್ವ ಅವಳ ಗಂಟಲನ್ನೇ ನೋಡಿದಳು. ತುತ್ತು ಇಳಿಯಿತು, ಇನ್ನೊಂದು ಇಳಿಯಿತು, ತಟ್ಟೆ ಖಾಲಿಯಾಯಿತು. "ಇನ್ನೊಂದು ಹಾಕ್ರಿ," ಎಂದಳು. ಅದೂ ಆಯಿತು, ಮತ್ತೊಂದೂ ಆಯಿತು. ಓಡಿಹೋಗಲಿಲ್ಲ, ಮುಖ ತಿರುಗಿಸಲಿಲ್ಲ.

"ಬೊಂಬಾಯಿಯವ್ರು ಮಾಡಿದ್ದೂ ಹಿಂಗೇ ಇತ್ತಾ?" ಎಂದಳು ಕೊಟ್ರವ್ವ, ತಡೆಯಲಾರದೆ.

"ಇಲ್ಲ. ಅದು ಬರೀ ಸಿಹಿ. ಇದಕ್ಕೆ ಒಂದೀಟು ಹುಳಿ ಐತೆ, ಬಾಯಿಗೆ ಹಿತ ಆತು."

ಕೊಟ್ರವ್ವ ಗೆದ್ದೆ ಎಂದು ಕುಣಿಯಬೇಕಿತ್ತು. ಬದಲಿಗೆ ಸೌಟು ಕೆಳಗಿಟ್ಟು ಸೊಸೆಯೆದುರು ನೆಲದ ಮೇಲೆ ಕೂತಳು. "ಈಗ ಖರೆ ಹೇಳು. ನನ್ನ ಕೈಲಿ ಆಗಬಾರ್ದು ಅಂತನೇ ಇದನ್ನ ಕೇಳಿದ್ಯಲ್ಲ?"

ಅಂಜಿನವ್ವ ತಲೆ ತಗ್ಗಿಸಿ ತಟ್ಟೆಯ ಅಂಚು ಸವರಿದಳು. "ನನಗೆ ಸಿಹಿ ಅಂದ್ರೆ ಅಷ್ಟಕ್ಕಷ್ಟೇ ಅತ್ತೆ. ಬಾಯಿ ಕೇಳ್ತಿದ್ದಿದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ."

"ಅಯ್ಯೋ ನಿನ್ನ ಮನಿ ಹಾಳಾಗ! ಅದು ನಮ್ಮ ಓಣಿ ತುದ್ಯಾಗೇ ಸಿಗುತ್ತೆ ಕಣೇ! ಅವತ್ತೇ ಹೇಳಿದ್ರೆ..."

"ಹೇಳಿದ್ರೆ ಇವರ ಕೈಲಿ ಪೊಟ್ಟಣ ಕಟ್ಟಿಸಿ ಕಳಿಸ್ತಿದ್ರಿ," ಎಂದಳು ಅಂಜಿನವ್ವ. "ನೀವು ಬರ್ತಿರ್ಲಿಲ್ಲ."

ಕೊಟ್ರವ್ವನ ಬಾಯಿ ಕಟ್ಟಿತು. ಆನೆಕೊಂಡದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಸ್ಟವ್ ಭುಸುಗುಡುತ್ತಿತ್ತು, ಹಂಚಿನ ಮೇಲಿನದು ಹೊತ್ತುತ್ತಿತ್ತು, ಯಾರೂ ಏಳಲಿಲ್ಲ. ಕೊನೆಗೆ ಅವಳು ಹಿಟ್ಟಿನ ಕೈಯಿಂದಲೇ ಸೊಸೆಯ ಮುಖ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟಳು.

"ತಪ್ಪಾತು ಕಣವ್ವ. ಆ ಮಾತು ಆಡಬಾರ್ದಿತ್ತು. ಆಡಿದ ದಿನದಿಂದ ನನಗೆ ಅನ್ನ ರುಚಿಸಿಲ್ಲ." ಮೂಗು ಸೆರಗಿಗೆ ಒರೆಸಿಕೊಂಡಳು. "ಎದ್ದೇಳು. ಬಟ್ಟಿಬರಿ ಕಟ್ಕೋ. ಸಂಜಿ ಗಾಡಿಗೆ ಮನಿಗೆ ಹೋಗಾನ. ಬಾಣಂತನ ನಾನು ಮಾಡ್ತೀನಿ."

ಅಂಜಿನವ್ವ ಅಳುತ್ತಲೇ ನಕ್ಕಳು. ಗಲ್ಲದ ಮೇಲೆ ಅತ್ತೆಯ ಐದು ಬೆರಳೂ ಕಂದಾಗಿ ಮೂಡಿದ್ದವು. ಮಂಚದ ಕೆಳಗೆ ತೋರಿಸಿದಳು. ಅಲ್ಲಿ ತಗಡಿನ ಟ್ರಂಕು, ಮೇಲೆ ಹಗ್ಗ ಬಿಗಿದು ಕಟ್ಟಿತ್ತು.

"ಇದ್ಯಾವಾಗ ಕಟ್ಟಿದ್ದು?" ಎಂದಳು ಕೊಟ್ರವ್ವ.

"ಪ್ಯಾನ್‌ಕೇಕ್ ಬೇಕು ಅಂತ ಇವರ ಕೈಲಿ ಹೇಳಿ ಕಳಿಸಿದ್ನಲ್ಲ ಅತ್ತೆ," ಎಂದಳು ಅಂಜಿನವ್ವ, "ಅವತ್ತೇ."